ನಾಗರಹೊಳೆಯಲ್ಲಿ ನಡೆಯಬಹುದಾ?

ಪ್ರಶ್ನೆ: ಮಕ್ಕಳನ್ನು ನಾಗರಹೊಳೆಗೆ ಕರ್ಕೊಂಡು ಹೋಗ್ತಿದ್ದೇವೆ. ಗಾರ್ಡ್ ಜೊತೆ ಕಾಡಲ್ಲಿ ನಡೆಯಬಹುದಾ? ಇಂಬಳದ ಕಾಟ ಇದೆಯಾ?
– ಓದುಗರು, ಹಾಸನ

ಉತ್ತರ: ನಾಗರಹೊಳೆಯೊಳಗೆ ನಡಿಗೆ ಇಲ್ಲ. ಅದು ಹುಲಿ ಕಾಡು ಅಲ್ವಾ! ಕುಟ್ಟ ಕಡೆಯ ನಾಣಚ್ಚಿ ಗೇಟಿನಿಂದ ಸಫಾರಿ ಇದೆ, ಜೀಪಿನಿಂದ ಇಳಿಯೋ ಹಾಗಿಲ್ಲ. ನಡೆಯಲೇಬೇಕು ಅಂದ್ರೆ ಇರ್ಪು ಜಲಪಾತದ ಹತ್ತಿರ ಶುರುವಾಗುವ ಬ್ರಹ್ಮಗಿರಿ ದಾರಿ, ಇಲ್ಲವೇ ಕಕ್ಕಬ್ಬೆ ಬಳಿಯ ತಡಿಯಂಡಮೋಳ್. 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಚಿಕ್ಕ ಮಕ್ಕಳಿದ್ದರೆ ತುದಿ ಮುಟ್ಟುವ ಹಟ ಬೇಡ. ಗೈಡ್ ಜೊತೆ ನಿಧಾನಕ್ಕೆ ಹೋಗಿ. ಆನೆ ಲದ್ದಿ ಕಂಡರೆ ಅವರು ಬಗ್ಗಿ ನೋಡ್ತಾರೆ: ಹಸಿಯೋ, ಒಣಗಿದ್ದೋ? ಹಸಿಯಾಗಿದ್ದರೆ ಎಲ್ಲರೂ ಬಾಯಿ ಮುಚ್ಕೊಂಡು ನಿಲ್ಲಬೇಕು. ಮಕ್ಕಳಿಗೆ ಸಫಾರಿಗಿಂತ ಇದೇ ಜಾಸ್ತಿ ಇಷ್ಟ ಆಗುತ್ತೆ ಅಂತ ನನ್ನ ಲೆಕ್ಕ.

ಇನ್ನು ಇಂಬಳ. ಮಳೆಗಾಲದಲ್ಲಿ ತಪ್ಪಿದ್ದಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಮೇಲೆ ಹೊಗೆಸೊಪ್ಪಿನ ನೀರು ಸವರಿ. ಕಚ್ಚಿದರೆ ಸುಮ್ನೆ ಕಿತ್ತೆಳೆಯಬೇಡಿ, ಉಪ್ಪು ಹಾಕಬೇಡಿ. ಉಗುರಿನಿಂದ ಬಾಯಿಯ ಪಕ್ಕ ಜಾರಿಸಿ ಬಿಡಿಸಿ. ಅದರ ಜೊಲ್ಲಿನಿಂದ ರಕ್ತ ಬೇಗ ಹೆಪ್ಪುಗಟ್ಟಲ್ಲ, ಗಾಬರಿಯಾಗಬೇಡಿ. ತೊಳೆದು ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು.