ಒಲೆ ಹಚ್ಚದೆ ಇಶಾಡ ಹಣ್ಣಿನ ಸಿಹಿ

ಕಾರವಾರದ ಮನೆಗೆ ನೆಂಟರು ಬರ್ತಾರೆ, ಒಲೆ ಹಚ್ಚದೆ ಕೆನೆಕೆನೆಯಾದ ಹಣ್ಣಿನ ಸಿಹಿ ಮಾಡಬೇಕು, ಅನಾನಸ್ ಹಾಕಬಹುದಾ ಎಂದು ಕೇಳಿದ್ದೀರಿ.

ಹಸಿ ಅನಾನಸ್ ಖಂಡಿತ ಬೇಡ. ಬನವಾಸಿ ಕಡೆಯದು ಎಷ್ಟೇ ಸಿಹಿ ಇರಲಿ, ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಸ್ವಲ್ಪ ಹೊತ್ತಿಗೇ ಕಹಿ ಬರುತ್ತದೆ. ಬೇಯಿಸಿದರೆ ಆ ತೊಂದರೆ ಇಲ್ಲ, ಆದರೆ ನಿಮಗೆ ಒಲೆಯೇ ಬೇಡ ಅಲ್ವಾ?

ಮಾವಿನ ಕಾಲ ಇದು, ಅಂಕೋಲೆಯ ಕರಿ ಇಶಾಡ ಎಂಬ ಮಾವಿನ ತಳಿಯ ಹಣ್ಣು ತನ್ನಿ. 2023ರಲ್ಲಿ ಜಿಐ ಟ್ಯಾಗ್ (ಒಂದು ಪ್ರದೇಶದ ವಿಶೇಷ ಬೆಳೆಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿದ್ದು ಇದಕ್ಕೇ. ಸಿಪ್ಪೆ ತೆಳು, ತಿರುಳು ಜಾಸ್ತಿ.

ಒಂದು ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಹೊರಗೆ ನೇತುಹಾಕಿದರೆ ನಮ್ಮ ಕರಾವಳಿಯ ಸೆಕೆಗೆ ಹುಳಿಯಾಗುತ್ತದೆ. ಬಟ್ಟೆ ಬಿಚ್ಚಿದಾಗ ಮೊಸರು ಚಮಚಕ್ಕೆ ಅಂಟಿ ನಿಲ್ಲಬೇಕು, ಓರೆ ಮಾಡಿದರೂ ಜಾರಬಾರದು. ಅದಕ್ಕೆ ಪುಡಿ ಸಕ್ಕರೆ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕಲಸಿ. ಹಣ್ಣು ತುಂಬಾ ಸಿಹಿ, ಸಕ್ಕರೆ ಕಡಿಮೆಯೇ ಇರಲಿ. ಕೊನೆಗೆ ಒಂದು ಕಪ್ ತಿರುಳನ್ನು ಕೈಯಲ್ಲೇ ಹಿಸುಕಿ ಸೇರಿಸಿ. ಮಿಕ್ಸಿಗೆ ಮಾತ್ರ ಹಾಕಬೇಡಿ, ಮೊಸರು ನೀರಾಗುತ್ತದೆ.

ಮೇಲೆ ಬಾಳೆಹಣ್ಣು ಹಾಕುವುದಿದ್ದರೆ ಬಡಿಸುವ ಹೊತ್ತಿಗೇ ಹೆಚ್ಚಿ, ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ.