ಮನೆಯಲ್ಲಿ ಈಜುಕೊಳ ಇದೆ, 3 ವರ್ಷದ ಮಗುವೂ ಇದೆ. ಏನು ಎಚ್ಚರ ಬೇಕು?

ಕಲಬುರಗಿ ಬಿಸಿಲಿಗೆ ಹಿತ್ತಲಲ್ಲಿ ಕೊಳ ಕಟ್ಟಿಸಿದ್ದು ಸರಿ, ಮೊದಲು ಬೇಲಿ ಹಾಕಿಸಿ. ನಾಲ್ಕೂ ಕಡೆ, ಕನಿಷ್ಠ 4 ಅಡಿ ಎತ್ತರ. ಮನೆ ಗೋಡೆಯನ್ನೇ ಒಂದು ಬದಿ ಮಾಡಿಕೊಳ್ಳಬೇಡಿ. ಹಿಂಬಾಗಿಲು ತೆರೆದಿದ್ದರೆ ಮಗು ಸೀದಾ ನೀರಿಗೇ. ಗೇಟು ತಾನಾಗಿ ಮುಚ್ಚಿಕೊಳ್ಳಬೇಕು, ಚಿಲಕ ಮಗುವಿಗೆ ಎಟುಕಬಾರದು. ಬೇಲಿ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಬಿಟ್ಟಿರೋ, ಬೇಲಿ ಇದ್ದೂ ಇಲ್ಲದ ಹಾಗೆ.

ಮುಳುಗುವ ಮಗು ಕೂಗುತ್ತದೆ ಅಂದುಕೊಳ್ಳಬೇಡಿ, ಎಷ್ಟೋ ಸಲ ಸದ್ದೇ ಇರುವುದಿಲ್ಲ. ಆಡುವಾಗ ದೊಡ್ಡವರೊಬ್ಬರು ಕೈಯಳತೆಯಲ್ಲೇ ಇರಬೇಕು, ಫೋನ್ ಬದಿಗಿಟ್ಟು. ಆಟ ಮುಗಿದ ಮೇಲೆ ಚೆಂಡನ್ನು ನೀರಲ್ಲಿ ಬಿಡಬೇಡಿ, ಅದನ್ನು ತರೋಕೆ ಮಗು ವಾಪಸ್ ಹೋಗುತ್ತದೆ.

ಅಂದ ಹಾಗೆ, ಅಂಗಳದ ನೀರಿನ ಸಂಪ್‌ಗೆ (ನೆಲದಡಿಯ ತೊಟ್ಟಿಗೆ) ಮುಚ್ಚಳ ಇದೆ ಅಲ್ವಾ? ನಮ್ಮ ಓಣಿಯಲ್ಲಿ ಶಹಾಬಾದ್ ಕಲ್ಲನ್ನು ಸುಮ್ನೆ ಅರ್ಧ ಸರಿಸಿಟ್ಟಿರುತ್ತಾರೆ. ಅದಕ್ಕೂ ಬೀಗದ ಮುಚ್ಚಳ ಹಾಕಿಸಿ.