ಕಾಸರಗೋಡಿನ ಕನ್ನಡ ಕ್ಲಾಸಿನಲ್ಲಿ ಒಂದು ವರ್ಷ

ಕೇರಳದ ಶಾಲೆಯಲ್ಲಿ ಕನ್ನಡದ ಮಕ್ಕಳು ಹೇಗೆ ಕಲಿಯುತ್ತಾರೆ, ಒಟ್ಟಿಗಿರುವ ಮೌಲ್ಯವನ್ನು ಅವರಿಗೆ ಹೇಗೆ ಹೇಳಿಕೊಡುತ್ತಾರೆ ಎಂದು ಕೇಳಿದ್ದೀರಿ. ಬೆಂಗಳೂರು, ಮೈಸೂರಿನ ಕಡೆಯವರು ಹೀಗೆ ಕೇಳುವಾಗ ಮನಸ್ಸಿನಲ್ಲಿ ಎರಡೇ ಗುಂಪು ಇರುತ್ತದೆ: ಈಚೆ ಕನ್ನಡದವರು, ಆಚೆ ಮಲಯಾಳದವರು. ಕ್ಲಾಸಿನ ಒಳಗಿನ ಲೆಕ್ಕ ಬೇರೆ. ಕನ್ನಡ ಮೀಡಿಯಂನಲ್ಲಿ 28 ಮಕ್ಕಳಿದ್ದರೆ ಪುಸ್ತಕದ ಕನ್ನಡವನ್ನು ಮನೆಯಲ್ಲೂ ಆಡುವ ಮಗು ಒಂದೂ ಇಲ್ಲದಿರಬಹುದು. ತುಳು, ಬ್ಯಾರಿ, ಹವ್ಯಕ, ಕೊಂಕಣಿ, ಕರಾಡ ಮರಾಠಿ, ಮಲಯಾಳ, ಅಲ್ಲೊಂದು ಇಲ್ಲೊಂದು ಉರ್ದು. ಈ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಕರೆಯುವುದುಂಟು. ಒಂದನೇ ಕ್ಲಾಸಿನ ಟೀಚರಿಗೆ ಅದು ಭಾಷಣ ಅಲ್ಲ, ಹಾಜರಿ ಪುಸ್ತಕ.

ಮೊದಲು ವ್ಯವಸ್ಥೆ ಹೇಳುತ್ತೇನೆ. 1ರಿಂದ 4ರವರೆಗೆ ಎಲ್‌ಪಿ (ಲೋವರ್ ಪ್ರೈಮರಿ), 5ರಿಂದ 7 ಯುಪಿ (ಅಪ್ಪರ್ ಪ್ರೈಮರಿ). ಜೂನ್ ಮೊದಲ ವಾರ ಪ್ರವೇಶೋತ್ಸವ, ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ, ನಡುವೆ ಓಣಂ ಪರೀಕ್ಷೆ ಮತ್ತು ಕ್ರಿಸ್‌ಮಸ್ ಪರೀಕ್ಷೆ. ನಿಮ್ಮಲ್ಲಿಯ ದಸರಾ ರಜೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮುಸ್ಲಿಂ ಕ್ಯಾಲೆಂಡರಿನ ಶಾಲೆಗಳೂ ಉಂಟು, ಅಲ್ಲಿ ದೊಡ್ಡ ರಜೆ ರಂಜಾನ್ ತಿಂಗಳಲ್ಲಿ. ಹೆಚ್ಚಿನ ಕಡೆ ಒಂದೇ ಕಟ್ಟಡದಲ್ಲಿ ಮಲಯಾಳ ಮೀಡಿಯಂ, ಕನ್ನಡ ಮೀಡಿಯಂ ಎರಡೂ ಇರುತ್ತವೆ. ಅಸೆಂಬ್ಲಿ, ಊಟ, ಕಲೋತ್ಸವ (ಕಲೆಗಳ ಸ್ಪರ್ಧೆ) ಮಾತ್ರ ಒಟ್ಟಿಗೆ. ಪ್ರತಿಜ್ಞೆಯನ್ನು ಒಂದು ದಿನ ಮಲಯಾಳದಲ್ಲಿ, ಒಂದು ದಿನ ಕನ್ನಡದಲ್ಲಿ ಹೇಳಿಸುವ ಪದ್ಧತಿ ಇಟ್ಟುಕೊಂಡರೆ ಜಗಳವಿಲ್ಲ. "ಭಾರತ ನನ್ನ ದೇಶ" ಎಂಬ ಆ ಪ್ರತಿಜ್ಞೆಯನ್ನು 1962ರಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ಬರೆದದ್ದು ತೆಲುಗಿನಲ್ಲಿ. ಇಬ್ಬರಿಗೂ ಅದು ಅನುವಾದವೇ ಅಂತ ಮಕ್ಕಳಿಗೆ ಹೇಳಿದರೆ, "ಹಾಗಾದರೆ ತೆಲುಗಿನಲ್ಲೂ ಹೇಳುವ" ಎನ್ನುತ್ತಾರೆ.

ಜೂನ್ ತಿಂಗಳು ಕನ್ನಡ ಪಾಠಕ್ಕಿಂತ ಹೆಚ್ಚಾಗಿ ಪದ ಹೊಂದಿಸುವುದರಲ್ಲಿ ಹೋಗುತ್ತದೆ. ಒಂದು ಗೋಡೆಗೆ ಚಾರ್ಟು ಅಂಟಿಸಿ, ಮಕ್ಕಳ ಕೈಗೆ ಸಿಗುವ ವಸ್ತು ಒಂದೊಂದೇ ತಂದು, ಪ್ರತಿ ಮನೆಯ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯಬೇಕು. ಮಳೆ ಹಿಡಿಯುವ ಹೊತ್ತಿಗೆ ಹಲಸು ಕಾಲಿನ ಹತ್ತಿರವೇ ಬಿದ್ದಿರುತ್ತದಲ್ಲ, ಅದರಿಂದ ಸುರು ಮಾಡುವುದು ಸುಲಭ. ಹಲಸು ಅಂದರೆ ತುಳುವಿನಲ್ಲಿ ಪೆಲಕಾಯಿ, ಮಲಯಾಳದಲ್ಲಿ ಚಕ್ಕ, ಕೊಂಕಣಿಯಲ್ಲಿ ಪೊಣಸು, ಮರಾಠಿಯಲ್ಲಿ ಫಣಸ. ದಿನಕ್ಕೆ ಮೂರು ಪದ ಸಾಕು. ಹತ್ತು ಬರೆದರೆ ಗೋಡೆ ತುಂಬುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಎರಡು ವಾರ ಕಳೆದರೆ ಮಕ್ಕಳೇ ಒಂದು ಗುಟ್ಟು ಕಂಡುಹಿಡಿಯುತ್ತಾರೆ: ಮನೆಯ 'ಪ' ಇಲ್ಲಿ 'ಹ' ಆಗುತ್ತದೆ. ತುಳುವಿನ ಪಿಲಿ ಹುಲಿ, ಪೂ ಹೂ. ಮಲಯಾಳದ ಪಾಲ್ ಹಾಲು. ಇದನ್ನು ಟೀಚರ್ ಮೊದಲೇ ಹೇಳಿಬಿಟ್ಟರೆ ರುಚಿ ಹೋಯಿತು. ತಾವೇ ಕಂಡ ಮೇಲೆ ಅದನ್ನು ಎಲ್ಲ ಕಡೆ ಹಾಕಿ ನೋಡುತ್ತಾರೆ, ತಪ್ಪುವುದೂ ಅಲ್ಲೇ. ತುಳುವಿನಲ್ಲಿ ಬೆಕ್ಕಿಗೆ ಪುಚ್ಚೆ ಅಂತ; ಸೂತ್ರ ಹಾಕಿದ ಮಗು 'ಹುಚ್ಚೆ' ಅನ್ನುತ್ತದೆ. ಪುಸ್ತಕ 'ಹುಸ್ತಕ' ಆಗುವುದೂ ಉಂಟು. ಇದಕ್ಕೆ ಕ್ಲಾಸು ನಗುವ ಮೊದಲು ಟೀಚರ್ "ಸರಿಯಾದ ದಾರಿಯಲ್ಲೇ ಹೋಗಿದ್ದಿ, ಈ ಪದ ಮಾತ್ರ ಆ ದಾರಿಯದ್ದಲ್ಲ" ಅಂತ ಹೇಳಿಬಿಡಬೇಕು. ಜೂನಿನಲ್ಲಿ ನಗೆಪಾಟಲಿಗೆ ಸಿಕ್ಕಿದ ಮಗು ಓಣಂವರೆಗೆ ಬಾಯಿ ಬಿಡುವುದಿಲ್ಲ. ಮೌಲ್ಯ ಅಂತ ನೀವು ಕೇಳಿದಿರಲ್ಲ, ನನ್ನ ಮಟ್ಟಿಗೆ ಅದರ ಮೊದಲ ಪಾಠ ಇಲ್ಲಿ ನಡೆಯುತ್ತದೆ. ನೀತಿಕತೆಯ ಪಿರಿಯಡ್ಡಿನಲ್ಲಿ ಇದರ ಕಾಲುಭಾಗವೂ ಆಗುವುದಿಲ್ಲ.

ಕೂರಿಸುವುದಕ್ಕೂ ಒಂದು ಕ್ರಮ ಬೇಕು. ಒಂದೇ ಮನೆಮಾತಿನ ಮಕ್ಕಳನ್ನು ಮೊದಲ ತಿಂಗಳು ಜೋಡಿಯಾಗಿ ಕೂರಿಸಿದರೆ ಅಳು ಕಡಿಮೆ. ಟೀಚರ್ ಹೇಳಿದ್ದನ್ನು ಪಕ್ಕದ ಮಗು ಮನೆಮಾತಿನಲ್ಲಿ ಪಿಸುಗುಟ್ಟಿ ದಾಟಿಸುತ್ತದೆ. ಜುಲೈಯಲ್ಲಿ ಬೆರೆಸಬೇಕು. ಬೆರೆಸದೆ ಬಿಟ್ಟರೆ ತುಳು ಬೆಂಚು, ಬ್ಯಾರಿ ಬೆಂಚು ಅಂತ ಗಟ್ಟಿಯಾಗಿ, ಆಟದಲ್ಲೂ ಅದೇ ಪಂಗಡ. ಮೊದಲ ದಿನವೇ ಬೆರೆಸಿದರೆ ಇನ್ನೊಂದು ತೊಂದರೆ: ತುಳು ಮಾತ್ರ ಬರುವ ಮಗುವಿಗೆ ಮೂತ್ರಕ್ಕೆ ಹೋಗಬೇಕು ಅಂತ ಹೇಳಲು ಯಾರೂ ಸಿಗುವುದಿಲ್ಲ.

ಇನ್ನು ಸಂಯುಕ್ತ ಡೈರಿ. ಒಂದನೇ ಕ್ಲಾಸಿನಲ್ಲಿ ಮಗು, ಮನೆಯವರು ಸೇರಿ ಬರೆಯುವ ದಿನಚರಿ ಇದು. ನಿಯಮ ಸರಳ. ದಿನದ ಒಂದು ಸಂಗತಿಯನ್ನು ಮಗು ಬಾಯಲ್ಲಿ ಹೇಳಬೇಕು; ಗೊತ್ತಿರುವ ಅಕ್ಷರವನ್ನು ಪೆನ್ಸಿಲಿನಲ್ಲಿ ಮಗು ಬರೆಯಬೇಕು, ಗೊತ್ತಿಲ್ಲದ್ದನ್ನು ದೊಡ್ಡವರು ಪೆನ್ನಿನಲ್ಲಿ ತುಂಬಬೇಕು; ಪಕ್ಕಕ್ಕೊಂದು ಚಿತ್ರ. ತಿಂಗಳು ಹೋದಂತೆ ಪೆನ್ನು ಕಡಿಮೆ, ಪೆನ್ಸಿಲು ಹೆಚ್ಚು. ಪುಟ ಮಗುಚಿದರೆ ಸಾಕು, ಕಲಿಕೆ ಎಲ್ಲಿಗೆ ಬಂತು ಅಂತ ಕಣ್ಣಿಗೇ ಕಾಣುತ್ತದೆ.

ಕನ್ನಡದಲ್ಲಿ ಇದಕ್ಕೊಂದು ವಿಚಿತ್ರ ಉಂಟು. ಮಗು ಮೊದಲು ಬರೆಯಬೇಕೆನ್ನುವ ಪದಗಳು ಯಾವುವು? ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ. ಎಲ್ಲದರಲ್ಲೂ ಒತ್ತಕ್ಷರ! ಒತ್ತಕ್ಷರ ಕಲಿಸುವುದು ಕೊನೆಗೆ. ಹಾಗಾಗಿ ಜುಲೈಯ ಡೈರಿಯಲ್ಲಿ ಪೆನ್ಸಿಲಿನ 'ಅ' ಒಂದು ಕಡೆ, ಪೆನ್ನಿನ 'ಮ್ಮ' ಇನ್ನೊಂದು ಕಡೆ. ಕೆಲವು ಟೀಚರುಗಳು ಕ್ರಮ ಮುರಿದು ಈ ಐದು ಪದಗಳನ್ನು ಚಿತ್ರದ ಹಾಗೆ ಮೊದಲೇ ಕಲಿಸುತ್ತಾರೆ, ಅದೇ ಒಳ್ಳೆಯದು. ಬರೆದದ್ದರಲ್ಲಿ 'ಅಮ್ಮ' ಎಂಬ ಪದ ಪೂರ್ತಿ ತನ್ನದೇ ಕೈಯದ್ದು ಅಂತ ಆದರೆ ಮಗು ಮರುದಿನ ಡೈರಿ ಮರೆತು ಬರುವುದಿಲ್ಲ.

ಇದು ಎಡವುವುದು ಮೂರು ಕಡೆ. ಒಂದು, ಅಮ್ಮ ಕಲಿತದ್ದು ಮಲಯಾಳ ಮೀಡಿಯಂ, ಕನ್ನಡ ಅಕ್ಷರ ಬಾರದು. ಅಂಥ ಮನೆಯಲ್ಲಿ ಪೆನ್ನು ಹಿಡಿಯುವ ಕೆಲಸ ನಾಲ್ಕನೇ ಕ್ಲಾಸಿನ ಅಕ್ಕನಿಗೋ ಪಕ್ಕದ ಮನೆಯ ಹುಡುಗನಿಗೋ ಬರಬೇಕು. ಯಾರೂ ಇಲ್ಲದಿದ್ದರೆ ಅಮ್ಮ ಮಲಯಾಳ ಅಕ್ಷರದಲ್ಲೇ ತುಂಬಲಿ, ಬೆಳಿಗ್ಗೆ ಕ್ಲಾಸಿನಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿದರಾಯಿತು. ಎರಡು, ಅಪ್ಪನೋ ಅಮ್ಮನೋ ಪೂರ್ತಿ ಬರೆದುಕೊಟ್ಟು ಮಗು ಅದರ ಮೇಲೆ ಪೆನ್ಸಿಲು ಎಳೆಯುವುದು. ಜೂನ್ ಕೊನೆಗೇ ಒತ್ತಕ್ಷರ ತಪ್ಪದ ಡೈರಿ ಬಂದರೆ ಸಂಶಯ ಪಡಬೇಕು, ಓದಿಸಿ ನೋಡಿದರೆ ಗೊತ್ತಾಗುತ್ತದೆ. ಬೈಯುವುದು ಬೇಡ, "ತಪ್ಪು ಇರುವ ಪುಟವೇ ನಮಗೆ ಬೇಕು" ಅಂತ ಕ್ಲಾಸಿನ ಹೆತ್ತವರ ಸಭೆಯಲ್ಲಿ (ಪಿಟಿಎ) ಒಂದೆರಡು ಪುಟ ತೋರಿಸಬೇಕು. ಮೂರು, ಎಲ್ಲ ದಿನವೂ "ನಾನು ಶಾಲೆಗೆ ಹೋದೆನು" ಎಂಬ ಒಂದೇ ವಾಕ್ಯ. "ದಾರಿಯಲ್ಲಿ ಎಂತ ಕಂಡಿ?" ಅಂತ ಬೆಳಿಗ್ಗೆಯೇ ಕೇಳಿ ಬಿಟ್ಟರೆ ಸಂಜೆಗೆ ವಾಕ್ಯ ತಯಾರಾಗಿರುತ್ತದೆ.

ದಿನಾಚರಣೆಗಳು ಇಲ್ಲಿ ಬಹಳ. ಜೂನ್ 5 ಪರಿಸರ ದಿನ, ಜೂನ್ 19 ವಾಚನ ದಿನ (ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ), ಜುಲೈ 5 ಬಷೀರ್ ದಿನ (ಮಲಯಾಳದ ಕತೆಗಾರ ವೈಕಂ ಮುಹಮ್ಮದ್ ಬಷೀರ್ ತೀರಿಕೊಂಡ ದಿನ), ಜುಲೈ 21 ಚಂದ್ರ ದಿನ (ಮನುಷ್ಯ ಚಂದ್ರನ ಮೇಲೆ ಇಳಿದ ನೆನಪಿಗೆ), ಆಗಸ್ಟ್ 6 ಮತ್ತು 9 ಹಿರೋಶಿಮಾ, ನಾಗಸಾಕಿ. ಕನ್ನಡ ಕ್ಲಾಸಿನವರು ಇದಕ್ಕೆ ಎರಡನ್ನು ಸೇರಿಸಿಕೊಳ್ಳಬಹುದು: ಜೂನ್ 8, ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿದ ದಿನ, ಮಾರ್ಚ್ 23, ಮಂಜೇಶ್ವರದ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದ ದಿನ. ಎಲ್ಲವನ್ನೂ ಬ್ಯಾನರು, ಫೋಟೊ ಅಂತ ಮಾಡಿದರೆ ಪಾಠಕ್ಕೆ ಸಮಯ ಸಿಗುವುದಿಲ್ಲ. ತಿಂಗಳಿಗೆ ಒಂದನ್ನು ಸರಿಯಾಗಿ ಮಾಡಿ, ಉಳಿದದ್ದನ್ನು ಅಸೆಂಬ್ಲಿಯ ಐದು ನಿಮಿಷಕ್ಕೆ ಬಿಡುವುದು ವಾಸಿ.

ಓಣಂನ ಪೂಕ್ಕಳ (ಹೂವಿನ ರಂಗೋಲಿ) ಮಾತ್ರ ಬಿಡುವಂತಿಲ್ಲ, ಗಣಿತವೂ ಅದರಲ್ಲೇ ಉಂಟು. ನೆಲದ ನಡುವಿನ ಬಿಂದುವಿನಲ್ಲಿ ಒಬ್ಬ ದಾರದ ಒಂದು ತುದಿಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬ ಆಚೆ ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತು ಬರಬೇಕು. ನಡುವಿನವನ ಬೆರಳಿಗೆ ದಾರ ಸುತ್ತಿಕೊಂಡರೆ ವೃತ್ತ ಕೂಡುವುದಿಲ್ಲ, ಸುರುಳಿಯಾಗುತ್ತದೆ. ಯಾಕೆ ಹೀಗಾಯಿತು ಅಂತ ಹುಡುಕುವುದೇ ತ್ರಿಜ್ಯದ ಪಾಠ. ಹೂವು ಮನೆಯ ಸುತ್ತಿನದ್ದೇ ಆಗಬೇಕು ಎಂಬ ನಿಯಮ ಇಡಬೇಕು: ಕೇಪಳ, ದಾಸವಾಳ, ತುಂಬೆ, ಕ್ರೋಟನ್ ಎಲೆ. ಗೊಂಡೆಹೂ ಪೇಟೆಯಿಂದ ತರಲು ಬಿಟ್ಟರೆ ತರಲಾಗದ ಮಗು ಹಿಂದೆ ನಿಲ್ಲುತ್ತದೆ. ಅಂದಹಾಗೆ, ಓಣಂಗೆ ಕೇರಳದಲ್ಲಿ ಮಾರಾಟವಾಗುವ ಗೊಂಡೆಹೂವಿನಲ್ಲಿ ಬಹಳಷ್ಟು ಬೆಳೆಯುವುದು ಗುಂಡ್ಲುಪೇಟೆಯ ಕಡೆ, ನಿಮ್ಮದೇ ರಾಜ್ಯದಲ್ಲಿ. ಮಳೆಯಲ್ಲಿ ಕಿತ್ತ ಹೂವನ್ನು ಬಟ್ಟೆಯ ಮೇಲೆ ಹರಡಿ ನೀರು ಆರಿಸಿಯೇ ಎಸಳು ಬಿಡಿಸಬೇಕು, ಇಲ್ಲವಾದರೆ ಮುದ್ದೆಯಾಗುತ್ತದೆ. ಫ್ಯಾನು ಬಂದ್ ಮಾಡಲು ಒಬ್ಬನನ್ನು ನೇಮಿಸಿ.

ಊಟದ ಹೊತ್ತು. ಈಗ ಅನ್ನ, ಸಾಂಬಾರು, ಪಲ್ಯ. ಆದರೂ ಅಡುಗೆ ಕೋಣೆಗೆ ಹೆಸರು ಹಳೆಯದೇ, ಕಂಞಿಪ್ಪುರ, ಅಂದರೆ ಗಂಜಿಯ ಕೋಣೆ. ಬಿಸಿ ಪಾತ್ರೆ ದೊಡ್ಡವರೇ ಎತ್ತಬೇಕು. ತಟ್ಟೆ ಹಂಚುವುದು, ಪಲ್ಯ ಬಡಿಸುವುದು, ಚಿಕ್ಕವರನ್ನು ಮೊದಲು ಕೂರಿಸುವುದು ನಾಲ್ಕನೇ ಕ್ಲಾಸಿನ ವಾರದ ಸರದಿ. ವಾರಕ್ಕೆ ಎರಡು ದಿನ 150 ಮಿಲಿ ಹಾಲು, ಒಂದು ದಿನ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ತಿನ್ನದ ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂರಿಸುವುದು ಲೆಕ್ಕಕ್ಕೆ ಸುಲಭ, ಮಾಡಬಾರದ್ದೂ ಅದೇ. ಸಾಲು ಒಂದೇ ಇರಲಿ, ಒಬ್ಬ ಮೊಟ್ಟೆಯ ಬುಟ್ಟಿ, ಅವನ ಹಿಂದೆ ಇನ್ನೊಬ್ಬ ಹಣ್ಣಿನ ಬುಟ್ಟಿ ಹಿಡಿದು ಬರಲಿ. ಸರದಿಯ ಮಕ್ಕಳು ಗೆಳೆಯನಿಗೆ ಎರಡು ಸೌಟು ಹಾಕುವುದು ಮಾಮೂಲಿ. ಬಡಿಸಿದವರು ಕೊನೆಗೆ ಉಣ್ಣಬೇಕು ಎಂಬ ನಿಯಮ ಇದ್ದರೆ ಮೂರನೇ ದಿನಕ್ಕೆ ಸೌಟು ತಾನೇ ಅಳತೆಗೆ ಬರುತ್ತದೆ.

ಶುಕ್ರವಾರ ಜುಮಾ ನಮಾಜಿಗಾಗಿ ಮಧ್ಯಾಹ್ನದ ಬಿಡುವು ಉದ್ದ. ಉಳಿದ ಮಕ್ಕಳು ಆಗ ಅಂಗಳದಲ್ಲಿ ಸುಮ್ಮನೆ ಓಡಾಡುವ ಬದಲು ಕ್ಲಾಸ್ ಲೈಬ್ರರಿ ತೆರೆಯುವುದು ಚಂದ, ಆದರೆ ಪುಸ್ತಕ ಹಂಚುವುದು ಎಲ್ಲರೂ ಬಂದ ಮೇಲೆ. ಮೊದಲೇ ಹಂಚಿದರೆ ಚಿತ್ರ ಇರುವ ಪುಸ್ತಕ ಎಲ್ಲ ಖಾಲಿ, ಮಸೀದಿಯಿಂದ ಬಂದವರಿಗೆ ಸಿಗುವುದು ಸಾಮಾನ್ಯ ಜ್ಞಾನ.

ತಿಂಗಳ ಕೊನೆಯ ಶುಕ್ರವಾರ ಬಾಲಸಭೆ. ಅಧ್ಯಕ್ಷ, ಸ್ವಾಗತ, ವಂದನೆ ಎಲ್ಲ ಮಕ್ಕಳೇ. ತಾವಾಗಿ ಮುಂದೆ ಬರುವವರಿಗೇ ಬಿಟ್ಟರೆ ಎಲ್ಲ ಸಲವೂ ಅದೇ ನಾಲ್ವರು. ಹಾಜರಿ ನಂಬರಿನ ಪ್ರಕಾರ ತಿಂಗಳಿಗೆ ಏಳು ಮಕ್ಕಳು ಅಂತ ಮಾಡಿದರೆ 28 ಮಕ್ಕಳಿಗೆ ನಾಲ್ಕು ತಿಂಗಳಿಗೊಮ್ಮೆ ಸರದಿ, ವರ್ಷಕ್ಕೆ ಎರಡು ಸಲ ಖಂಡಿತ. ಮನೆಮಾತಲ್ಲದ ಭಾಷೆಯಲ್ಲಿ ಒಂದು ಹಾಡೋ ಒಗಟೋ ಹೇಳಬೇಕು, ಕಲಿತದ್ದು ಯಾರಿಂದ ಅಂತ ಅವರ ಹೆಸರನ್ನೂ ಹೇಳಬೇಕು. ಬ್ಯಾರಿ ಹುಡುಗಿ ಕೊಂಕಣಿ ಒಗಟು ಹೇಳುವಾಗ ಕಲಿಸಿದ ಹುಡುಗ ತುಟಿ ಅಲ್ಲಾಡಿಸುತ್ತಾ ಕೂತಿರುತ್ತಾನೆ.

ಹೊರಗಿನವರಿಗೆ ಅಷ್ಟಾಗಿ ಹೊಳೆಯದ ಒಂದು ಕಷ್ಟ: ಕನ್ನಡದಲ್ಲೂ ಮಲಯಾಳದಲ್ಲೂ ಒಂದೇ ರೂಪ, ಅರ್ಥ ಮಾತ್ರ ಬೇರೆ ಇರುವ ಪದಗಳು. ಮಲಯಾಳದಲ್ಲಿ 'ಅವಧಿ' ಅಂದರೆ ರಜೆ. ನಮ್ಮ ಟೈಮ್‌ಟೇಬಲಿನಲ್ಲಿ ಅವಧಿ ಅಂದರೆ ಪಿರಿಯಡ್. 'ಸಂಸಾರಂ' ಅಂದರೆ ಮಾತು, 'ಅವಸರಂ' ಅಂದರೆ ಅವಕಾಶ, 'ಉಪನ್ಯಾಸಂ' ಅಂದರೆ ಪ್ರಬಂಧ, 'ಪ್ರಸಂಗಂ' ಅಂದರೆ ಭಾಷಣ. ಕಲೋತ್ಸವದ ಪಟ್ಟಿಯಲ್ಲಿ ಪ್ರಸಂಗ ಅಂತ ಓದಿ ಯಕ್ಷಗಾನಕ್ಕೆ ತಯಾರಾಗುವ ಮಗುವನ್ನು ತಪ್ಪು ಅನ್ನುವ ಹಾಗಿಲ್ಲ. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ಟೀಚರ್ ರಾತ್ರಿ ಕೂತು ಕನ್ನಡ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಬೇಕು. ಗಣಿತ, ಪರಿಸರ ಅಧ್ಯಯನದ ಪುಸ್ತಕಗಳೂ ಮಲಯಾಳದಿಂದ ಕನ್ನಡಕ್ಕೆ ಬಂದವು. ಕೆಲವು ವಾಕ್ಯಗಳನ್ನು ಎರಡು ಸಲ ಓದಿ ಒಡೆದು ಹೇಳದಿದ್ದರೆ ಮಕ್ಕಳಿಗೆ ಹತ್ತುವುದಿಲ್ಲ. ಇದೆಲ್ಲದರ ಮೇಲೆ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಕ್ಲಾಸಿಗೆ ಹಾಕುವುದು ಇಲ್ಲಿಯ ಹಳೆಯ ದೂರು. ಆಗ ಮಕ್ಕಳು ತಾವೇ ಅವರಿಗೆ ಪದ ಹೇಳಿಕೊಡುತ್ತಾರೆ. ನೋಡಲು ಚಂದವೇ, ಆದರೆ ಕಲಿಯಬೇಕಾದ ವರ್ಷ ಕಲಿಸುವುದರಲ್ಲಿ ಹೋಗುತ್ತದೆ. ಅದನ್ನು ಸೌಹಾರ್ದ ಅಂತ ಹೊಗಳುವವರ ಮೇಲೆ ಸಿಟ್ಟು ಬರುತ್ತದೆ.

ನವೆಂಬರ್ 1ರ ವಿಷಯ ನೀವು ಕೇಳಿಯೇ ಕೇಳುತ್ತೀರಿ. 1956ರ ಆ ದಿನದವರೆಗೆ ಕಾಸರಗೋಡು ತಾಲೂಕು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯದ್ದು, ಅಂದಿನಿಂದ ಕೇರಳದ್ದು. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಅದು ಜಾರಿಗೆ ಬರದದ್ದು ದೊಡ್ಡವರ ಮಾತು. ಶಾಲೆಯಲ್ಲಿ ಅಂದು ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಎಲ್‌ಪಿ ಮಕ್ಕಳಿಗೆ ಭೂಪಟ ಬಿಡಿಸಲು ಕೊಡುವುದು ಸಾಕು: ಹೊಳೆಗಳು ಮೊದಲು, ಚಂದ್ರಗಿರಿ, ಮೊಗ್ರಾಲ್, ಶಿರಿಯ, ಉಪ್ಪಳ, ಗಡಿಗೆರೆ ಆಮೇಲೆ. ಗೆರೆಯನ್ನು ಮೊದಲು ಬರೆದ ಮಗುವಿಗೆ ಹೊಳೆಗಳನ್ನು ಕೂಡಿಸಲು ಜಾಗ ಸಾಲುವುದಿಲ್ಲ.

ಫೆಬ್ರವರಿಗೆ ಪದಗಳ ಚಾರ್ಟು ಮಾಸಿ, ಮೂಲೆ ಗೆದ್ದಲಿನ ಪಾಲಾಗಿರುತ್ತದೆ. ಬಿಚ್ಚುವ ಮೊದಲು ಎರಡನೇ ಕ್ಲಾಸಿಗೆ ಹೋಗುವ ಮಕ್ಕಳಿಂದಲೇ ಅದನ್ನು ಹೊಸ ಹಾಳೆಗೆ ಬರೆಸಿ ಇಡುವುದುಂಟು, ಈಗ ಒತ್ತಕ್ಷರವೂ ಅವರದೇ ಕೈ.

ನೋಡಲು ಬರುವುದಾದರೆ ತಿಂಗಳ ಕೊನೆಯ ಶುಕ್ರವಾರ ಎರಡು ಗಂಟೆಯ ಮೇಲೆ ಬನ್ನಿ. ಮಿಠಾಯಿ ಬೇಡ. ದೊಡ್ಡ ಅಕ್ಷರದ, ಪುಟಕ್ಕೆ ಎರಡು ಸಾಲಿನ ಕನ್ನಡ ಕತೆ ಪುಸ್ತಕ ತನ್ನಿ. ಒಂದೇ ಪುಸ್ತಕದ 28 ಪ್ರತಿ ತರಬೇಡಿ, 28 ಬೇರೆ ಬೇರೆ ಪುಸ್ತಕ ಆದರೆ ವರ್ಷ ಪೂರ್ತಿ ಕೈಯಿಂದ ಕೈಗೆ ಓಡಾಡುತ್ತದೆ.